ನಮ್ಮಜ್ಜಿ ಕಾಲದಲ್ಲೂ ಡಿಪ್ರೆಶನ್ ಇತ್ತು ಸ್ವಾಮಿ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕ್ರಮಕ್ಕೆ ಒಬ್ಬ ಭಾಷಣಕಾರರು ಬಂದಿದ್ದರು. ಬೆಂಗಳೂರಿಂದ ವಿಮಾನದಲ್ಲಿ ಕರೆಸಿ, ಶಾಲು ಹೊದಿಸಿ, ಹಾರ ಹಾಕಿ ಕೂರಿಸಿದ್ದೆವು. ವಿಷಯ 'ಒತ್ತಡರಹಿತ ಬದುಕು'. ಮಾತು ಚೆನ್ನಾಗಿ ಆಡಿದರು, ಇಲ್ಲ ಅನ್ನುವುದಿಲ್ಲ. ಹತ್ತು ನಿಮಿಷಕ್ಕೊಂದು ಜೋಕು, ಮಧ್ಯೆ ಮಧ್ಯೆ ಮಂಕುತಿಮ್ಮ, ಬಸವಣ್ಣ. ಇಪ್ಪತ್ತು ನಿಮಿಷ ಆದ ಮೇಲೆ ಶುರುವಾಯಿತು ನೋಡಿ.

"ನಮ್ಮಜ್ಜಿ ಕಾಲದಲ್ಲಿ ಡಿಪ್ರೆಶನ್ ಇತ್ತಾ? ಸೈಕಾಲಜಿಸ್ಟ್ ಇದ್ರಾ? ಹನ್ನೆರಡು ಮಕ್ಕಳು ಹೆತ್ತು ನಗ್ತಾ ಇರ್ಲಿಲ್ವಾ? ಇದೆಲ್ಲ ವೆಸ್ಟಿಂದ ಬಂದ ರೋಗ, ವೆಸ್ಟಿಂದ ಬಂದ ಮಾತ್ರೆ!"

ಚಪ್ಪಾಳೆಯೋ ಚಪ್ಪಾಳೆ. ಬೆಳಿಗ್ಗೆ ಐದಕ್ಕೆ ಏಳಿ, ತಣ್ಣೀರು ಕುಡಿಯಿರಿ, ಹತ್ತು ಸಲ ಥ್ಯಾಂಕ್ಸ್ ಹೇಳಿ, ಮಾತ್ರೆ ಎಲ್ಲ ಕಸದ ಬುಟ್ಟಿಗೆ ಹಾಕಿ ಎಂದರು. ಆಮೇಲೆ ಬಿಸಿಬೇಳೆಭಾತ್, ಮೊಸರನ್ನ.

ಇಷ್ಟೇ ಆಗಿದ್ದರೆ ನಾನೂ ಊಟ ಮಾಡಿ ಮನೆಗೆ ಬರುತ್ತಿದ್ದೆ. ಆದರೆ ಕೈ ತೊಳೆಯುವಾಗ ಒಬ್ಬ ಹುಡುಗ ಪಕ್ಕ ಬಂದು ನಿಂತ. ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಿ ಕೆಲಸ, ಹಾವೇರಿ ಕಡೆಯವನು. ನನ್ನ ವಿಷಯ ಅವನಿಗೆ ಸ್ವಲ್ಪ ಗೊತ್ತು. ತಗ್ಗಿದ ದನಿಯಲ್ಲಿ ಕೇಳಿದ, "ಸರ್, ನಾನು ಏಳು ತಿಂಗಳಿಂದ ಮಾತ್ರಿ ತೊಗೋಳಾಕತ್ತೇನ್ರಿ. ಬಿಟ್ಟುಬಿಡ್ಲೇನ್ರಿ?"

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. ಆದರೆ ತಪ್ಪು ಲೆಕ್ಕ ಕಂಡರೆ ಸುಮ್ಮನಿರಲು ಆಗದ ರೋಗ ನನಗಿದೆ.

ಮೊದಲು ಅಜ್ಜಿ ಕಾಲದ ವಿಷಯ. ನನ್ನ ಅಜ್ಜಿಗೆ ಹನ್ನೆರಡಲ್ಲ, ಒಂಬತ್ತು ಮಕ್ಕಳು. ಅದರಲ್ಲಿ ನಾಲ್ಕನೆಯವಳು ನನ್ನ ಸೋದರತ್ತೆ. ತೀರ್ಥಹಳ್ಳಿ ಕಡೆಯ ಹಳ್ಳಿ ಮನೆ. ಎರಡನೇ ಬಾಣಂತನಕ್ಕೆ ತವರಿಗೆ ಬಂದವಳು ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಮಗುವಿನ ಮುಖ ನೋಡುತ್ತಿರಲಿಲ್ಲವಂತೆ, ಊಟ ಬಿಟ್ಟಳಂತೆ, ಗೋಡೆ ನೋಡುತ್ತ ಕೂತಿರುತ್ತಿದ್ದಳಂತೆ. ಗಾಳಿ ಸೋಕಿದೆ ಎಂದರು. ತಾಯತ ಕಟ್ಟಿಸಿದರು, ಚೌಡಿಗೆ ಕೋಳಿ ಬಿಟ್ಟರು, ಬೇವಿನ ಸೊಪ್ಪಲ್ಲಿ ಹೊಡೆಸಿದರು. ಕೊನೆಗೆ ಹಿತ್ತಿಲ ಕಡೆಯ ಕೋಣೆಯಲ್ಲಿ ಇಟ್ಟರು. ನಾನು ಬುದ್ಧಿ ಬಂದಾಗಿನಿಂದ ಅವಳನ್ನು ನೋಡಿದ್ದು ಆ ಕೋಣೆಯ ಬಾಗಿಲ ಸಂದಿಯಿಂದ. ನೆಂಟರು ಬಂದರೆ ಆ ಬಾಗಿಲಿಗೆ ಹೊರಗಿನಿಂದ ಚಿಲಕ. ಮದುವೆ ವಯಸ್ಸಿನ ಹೆಣ್ಣುಮಕ್ಕಳಿದ್ದ ಮನೆ, ಗೊತ್ತಾದರೆ ಸಂಬಂಧ ಕೂಡಿ ಬರುವುದಿಲ್ಲ ಎಂಬ ಭಯ. ಹತ್ತೊಂಬತ್ತು ವರ್ಷ ಹಾಗೇ ಇದ್ದು ಸತ್ತಳು. ಅಜ್ಜಿ ನಗುತ್ತ ಇರಲಿಲ್ಲ ಸ್ವಾಮಿ. ಅಜ್ಜಿ ಬಚ್ಚಲು ಒಲೆ ಮುಂದೆ ಕೂತು ಅಳುತ್ತಿದ್ದಳು, ಹೊಗೆ ಅಂತ ನಾವು ಅಂದುಕೊಂಡಿದ್ದೆವು.

ಈಗ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಅತ್ತೆ ಮಲಗಿದ್ದು ಅರವತ್ತರ ದಶಕದಲ್ಲಿ. ಬೆಂಗಳೂರಲ್ಲಿ ಹುಚ್ಚಾಸ್ಪತ್ರೆ ಅಂತ ಒಂದು ಹತ್ತೊಂಬತ್ತನೇ ಶತಮಾನದ ನಡುವಿನಿಂದಲೇ ಇತ್ತು. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಶಿವಮೊಗ್ಗದಿಂದ ಒಂದು ರಾತ್ರಿಯ ರೈಲು. ಹೆರಿಗೆಯ ನಂತರ ಬರುವ ಖಿನ್ನತೆಗೆ ಅದೇ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ಪ್ರತ್ಯೇಕ ವಾರ್ಡು ಇದೆ. ನಮ್ಮ ಮನೆಯವರಿಗೆ ಕೋಳಿ ಗೊತ್ತಿತ್ತು, ರೈಲು ಗೊತ್ತಿರಲಿಲ್ಲ.

ಮಂಕು ಬಡಿದಿದೆ, ಗಾಳಿ ಸೋಕಿದೆ, ಮೆಟ್ಟಿಕೊಂಡಿದೆ, ತಲೆ ಕೆಟ್ಟಿದೆ, ಭ್ರಮೆ ಹಿಡಿದಿದೆ, ಮಾಟ ಮಾಡಿಸಿದ್ದಾರೆ. ಇಷ್ಟು ಮಾತು ಕನ್ನಡದಲ್ಲಿ ಯಾಕೆ ಹುಟ್ಟಿದವು? ರೋಗ ಇಲ್ಲದ ಊರಲ್ಲಿ ಇಷ್ಟು ಹೆಸರು ಯಾರಿಗೆ ಬೇಕಿತ್ತು?

ಇನ್ನು ದೇವರ ಕಟ್ಟೆಯಲ್ಲಿ ಬಿಟ್ಟರೆ ವಾಸಿಯಾಗುತ್ತಿತ್ತು ಅನ್ನುವವರಿಗೆ ಒಂದೇ ಒಂದು ನೆನಪು ಮಾಡುತ್ತೇನೆ. 2001ರ ಆಗಸ್ಟ್ 6, ತಮಿಳುನಾಡಿನ ಏರ್ವಾಡಿ. ದರ್ಗಾದ ಸುತ್ತ ಹುಟ್ಟಿಕೊಂಡಿದ್ದ ಒಂದು ಖಾಸಗಿ 'ಆಶ್ರಯ'ಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. 28 ಜನ ಹೊರಗೆ ಬರಲಾಗದೆ ಸತ್ತರು. ಇದು ದರ್ಗಾದ ಮಾತಲ್ಲ, ನಮ್ಮ ಗುಡಿಗಳ ಹಿಂದೆಯೂ ಸರಪಳಿ ಇತ್ತು. ದೇವರಿಗೆ ಕೈ ಮುಗಿಯುವುದು ಬೇರೆ, ಕಟ್ಟಿ ಹಾಕುವುದು ಬೇರೆ.

ಈಗ 'ವೆಸ್ಟಿಂದ ಬಂದದ್ದು' ಅನ್ನುವ ಮಾತು. ಇದನ್ನು ಬೇರೆ ಯಾವ ಊರಲ್ಲಾದರೂ ಹೇಳಿದ್ದರೆ ಬಿಟ್ಟುಬಿಡಬಹುದಿತ್ತು. ಕಲ್ಕತ್ತದಲ್ಲಿ ನಿಂತು ಹೇಳುವುದೇ! ಸಂಘದ ಹಾಲಿನಿಂದ ಟ್ಯಾಕ್ಸಿ ಹಿಡಿದು ರಾಜಾಬಜಾರ್ ಸೈನ್ಸ್ ಕಾಲೇಜಿನ ಹತ್ತಿರ ಇಳಿದರೆ ಪಾರ್ಸಿಬಾಗಾನ್ ಲೇನ್ ಅಂತ ಒಂದು ಗಲ್ಲಿ. ಅದರಲ್ಲಿ 14ನೇ ನಂಬರಿನ ಮನೆ. ಗಿರೀಂದ್ರಶೇಖರ ಬೋಸ್ ಎಂಬ ಡಾಕ್ಟರು 1922ರಲ್ಲಿ ಅಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಪ್ಯಾರಿಸ್‌ನವರು ಇಂಥ ಸಂಘ ಕಟ್ಟಿಕೊಂಡಿದ್ದು 1926ರಲ್ಲಿ, ಅಂದರೆ ಇದಾಗಿ ನಾಲ್ಕು ವರ್ಷಕ್ಕೆ. ಬೋಸರು ಮೆಡಿಕಲ್ ಮುಗಿಸಿ, ಸಂಮೋಹನ ಎಲ್ಲ ಪ್ರಯೋಗ ಮಾಡಿ, ಆಮೇಲೆ ಮನಶ್ಶಾಸ್ತ್ರದಲ್ಲಿ ಮತ್ತೆ ಎಂ.ಎಸ್ಸಿ. ಮಾಡಿ, 1921ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ತೆಗೆದವರು. ಆ ಪುಸ್ತಕವನ್ನು ವಿಯೆನ್ನಾದ ಫ್ರಾಯ್ಡ್‌ಗೇ ಕಳಿಸಿದರು. ಹದಿನೈದು ವರ್ಷಕ್ಕೂ ಹೆಚ್ಚು ಇಬ್ಬರೂ ಕಾಗದ ಬರೆದುಕೊಂಡರು, ಒಂದು ಸಲವೂ ಭೇಟಿ ಆಗಲಿಲ್ಲ. ಹಾಗಂತ ಶಿಷ್ಯನ ಹಾಗೆ ತಲೆಯಾಡಿಸಲಿಲ್ಲ ಈ ಮನುಷ್ಯ. ಮನಸ್ಸಲ್ಲಿ ಪ್ರತಿಯೊಂದು ಆಸೆಗೂ ಅದಕ್ಕೆ ಎದುರಾದ ಇನ್ನೊಂದು ಆಸೆ ಜೋಡಿಯಾಗಿ ಇರುತ್ತದೆ ಎಂಬುದು ಬೋಸರ ಸ್ವಂತ ವಾದ. ನಿಮ್ಮ ರೋಗಿಗಳಲ್ಲಿ ಕಂಡದ್ದು ನನ್ನ ರೋಗಿಗಳಲ್ಲಿ ಹಾಗೇ ಕಾಣುವುದಿಲ್ಲ ಎಂದು ಫ್ರಾಯ್ಡ್‌ಗೇ ಬರೆದರು. ಇದಕ್ಕಾ ಆಮದು ಅನ್ನುವುದು?

1933ರಲ್ಲಿ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನಲ್ಲಿ (ಈಗಿನ ಆರ್.ಜಿ. ಕರ್) ಮನೋರೋಗಕ್ಕೆ ಹೊರರೋಗಿ ವಿಭಾಗ ತೆರೆದರು. ಹುಚ್ಚಾಸ್ಪತ್ರೆಯ ಗೋಡೆಯೊಳಗಲ್ಲ, ಜ್ವರ ಕೆಮ್ಮಿಗೆ ಜನ ಬರುವ ಮಾಮೂಲು ಆಸ್ಪತ್ರೆಯಲ್ಲಿ. ದೇಶದಲ್ಲಿ ಅದೇ ಮೊದಲು. 1940ರಲ್ಲಿ ತಿಲ್ಜಲಾದಲ್ಲಿ ಲುಂಬಿನಿ ಪಾರ್ಕ್ ಆಸ್ಪತ್ರೆ ಶುರುವಾಯಿತು, ಮೂರೇ ಮೂರು ಹಾಸಿಗೆಯಿಂದ. ಜಾಗ ಕೊಟ್ಟವರು ಅಣ್ಣ ರಾಜಶೇಖರ ಬೋಸ್. 'ಪರಶುರಾಮ' ಅಂತ ಬಂಗಾಳಿಗಳು ಇವತ್ತಿಗೂ ಓದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರಲ್ಲ, ಅವರೇ. 1942ರಲ್ಲಿ ಮಾತು ಕಳೆದುಕೊಂಡ ಕಾಜಿ ನಜ್ರುಲ್ ಇಸ್ಲಾಂ ಅವರನ್ನು ಅಲ್ಲೇ ತಂದು ನೋಡಿಕೊಂಡರು. ವಾಸಿ ಆಗಲಿಲ್ಲ. ಎಲ್ಲವೂ ವಾಸಿ ಆಗುತ್ತದೆ ಅಂತ ನಾನೆಲ್ಲಿ ಹೇಳಿದೆ?

ಅಣ್ಣ ನಗಿಸುವವನು, ತಮ್ಮ ಮನಸ್ಸು ನೋಡುವವನು. ನಮ್ಮಲ್ಲಿ ಎರಡೂ ಕೆಲಸ ಒಬ್ಬರೇ ಮಾಡಿದ್ದರು. ಬೆಂಗಳೂರಿನ ಡಾಕ್ಟರು ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', 1942ರಲ್ಲಿ 'ಕೊರವಂಜಿ' ಶುರು ಮಾಡಿದವರು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಪುಸ್ತಕಕ್ಕೆ ಗೊತ್ತೇ? ಹಾಸ್ಯಕ್ಕಲ್ಲ. ಮನೋರೋಗದ ಬಗ್ಗೆ ಬರೆದ 'ಮನ ಮಂಥನ'ಕ್ಕೆ, 1976ರಲ್ಲಿ. ಕನ್ನಡದಲ್ಲಿ ಇದನ್ನೆಲ್ಲ ಓದಿದವರೇ ಇಲ್ಲವೇನೋ ಎಂಬಂತೆ ಅವತ್ತು ಚಪ್ಪಾಳೆ ಬಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಜನಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ನೂರಾರು ಪುಸ್ತಕ ಬರೆದಿದ್ದಾರೆ. ನಮ್ಮ ಸಂಘದ ಲೈಬ್ರರಿ ಕಪಾಟಿನಲ್ಲಿ ಒಂದಾದರೂ ಇದೆಯೇ? ಮೊನ್ನೆ ಹೋಗಿ ನೋಡಿದೆ. ಇಲ್ಲ. ವಾಸ್ತು ಪುಸ್ತಕ ಐದಿವೆ.

ಕಲ್ಕತ್ತಕ್ಕೂ ಮೈಸೂರಿಗೂ ಈ ವಿಷಯದಲ್ಲಿ ಇರುವ ನಂಟು ಭಾಷಣಕಾರರಿಗೆ ಗೊತ್ತಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರೇನೋ. 1905ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ಸಿದ್ಧ ಮಾಡಿಕೊಟ್ಟವರು ಬ್ರಜೇಂದ್ರನಾಥ ಸೀಲ್. ಅದರ ಮೇಲೆ 1916ರಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಇಲ್ಲಿ ಶುರುವಾಯಿತು. ಅದೇ 1916ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿತು. 1921ರಲ್ಲಿ ಮೈಸೂರಿನ ಕುಲಪತಿಯಾಗಿ ಹೋದವರು ಯಾರು? ಇದೇ ಸೀಲ್! 1930ರವರೆಗೆ ಅಲ್ಲಿದ್ದರು. ಅವರ ಕಾಲದಲ್ಲೇ, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಬಂತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ಮೈಸೂರಲ್ಲಿ 'ಆಕಾಶವಾಣಿ' ಅಂತ ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದವರೂ ಇವರೇ. ರೇಡಿಯೋ ಕಥೆ ನಮಗೆಲ್ಲ ಗೊತ್ತು, ಆ ಮನುಷ್ಯ ಮನಶ್ಶಾಸ್ತ್ರದ ಪ್ರೊಫೆಸರು ಎಂಬುದು ಮರೆತೇಹೋಗಿದೆ. ಇನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. ಆ ಬಳ್ಳಾರಿ ಮಾದರಿ ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು. ವೆಸ್ಟ್ ಅಂತೆ ವೆಸ್ಟ್. ಬಳ್ಳಾರಿ ಯಾವ ವೆಸ್ಟಿನಲ್ಲಿದೆ?

ಹಾಗಂತ ಈ ಶಾಸ್ತ್ರದವರು ತಪ್ಪೇ ಮಾಡಿಲ್ಲ ಅನ್ನುವ ಭಕ್ತಿ ನನಗಿಲ್ಲ. ಫ್ರಾಯ್ಡ್ ಹೇಳಿದ ಎಷ್ಟೋ ಸಂಗತಿಯನ್ನು ಇವತ್ತಿನ ಡಾಕ್ಟರುಗಳೇ ಒಪ್ಪುವುದಿಲ್ಲ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ 1973ರವರೆಗೂ ರೋಗದ ಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ತಪ್ಪು ಗೊತ್ತಾದಾಗ ತೆಗೆದರು. ತಾಯತ ಕಟ್ಟುವವನು ಯಾವ ವರ್ಷ ತನ್ನ ಪಟ್ಟಿ ತಿದ್ದಿದ?

ಈಗ ನನ್ನ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಊರಿಗೆಲ್ಲ ಉಪದೇಶ ಮಾಡಿದ ಹಾಗಾಗುತ್ತದೆ. ನಾನು 1997ರಲ್ಲಿ ಈ ಊರಿಗೆ ಬಂದೆ. ಆಗಿನ್ನೂ ಸರ್ಕಾರಿ ಕಾಗದದಲ್ಲೂ ಇದು ಕಲ್ಕತ್ತ, ಕೋಲ್ಕತ ಆಗಿದ್ದು 2001ರಲ್ಲಿ. 2011ರಲ್ಲಿ ಒಂದು ಬ್ರಾಂಚಿಗೆ ಮ್ಯಾನೇಜರ್ ಆದೆ. ಒಂಬತ್ತು ಜನ ಇರಬೇಕಾದ ಕಡೆ ಐದು ಜನ. ಸಾಲ ವಸೂಲಿ ಒಂದು ಕಡೆ, ಇನ್ಶೂರೆನ್ಸ್ ಮಾರಾಟದ ಟಾರ್ಗೆಟ್ ಇನ್ನೊಂದು ಕಡೆ. ನಾಲ್ಕೈದು ತಿಂಗಳಲ್ಲಿ ಬೆಳಗಿನ ಮೂರಕ್ಕೆ ಎಚ್ಚರ ಆಗಲು ಶುರುವಾಯಿತು. ಎದೆ ಢವಢವ. ಹೃದಯ ಅಂದುಕೊಂಡು ಇಸಿಜಿ ಮಾಡಿಸಿದೆ, ಸರಿ ಇತ್ತು. ಹೊಟ್ಟೆ ಅಂದುಕೊಂಡೆ, ಎಂಡೋಸ್ಕೋಪಿ ಮಾಡಿಸಿದೆ, ಸರಿ ಇತ್ತು. ನಮ್ಮ ಕನ್ನಡದವರಿಗೆ ದುಃಖ ಯಾವತ್ತೂ ಹೊಟ್ಟೆಗೋ ತಲೆಗೋ ಬರುತ್ತದೆ, ಮನಸ್ಸಿಗೆ ಬರುವುದೇ ಇಲ್ಲ! ಕೊನೆಗೆ ಫಿಸಿಶಿಯನ್ನರೇ ಒಂದು ಚೀಟಿ ಬರೆದು ಮನೋವೈದ್ಯರ ಹತ್ತಿರ ಕಳಿಸಿದರು. ಮೂರು ವಾರ ಆ ಚೀಟಿ ಪರ್ಸಿನಲ್ಲೇ ಇತ್ತು. ಕಡೆಗೆ ನನ್ನ ಹೆಂಡತಿ ಎಳೆದುಕೊಂಡು ಹೋದಳು.

ವಯಸ್ಸಾದ ಬಂಗಾಳಿ ಡಾಕ್ಟರು. "ಎಷ್ಟು ದಿನದಿಂದ ಮೊನ್ ಖಾರಾಪ್?" ಅಂತ ಕೇಳಿದರು, ನೆಗಡಿ ಎಷ್ಟು ದಿನದಿಂದ ಅಂತ ಕೇಳಿದ ಹಾಗೆ.

ಇಲ್ಲಿ ಒಂದು ಮಾತು. ಬಂಗಾಳಿಯಲ್ಲಿ 'ಮೊನ್ ಖಾರಾಪ್' ಅನ್ನುವುದು ದಿನಬಳಕೆಯ ಮಾತು. ಕೌಂಟರಿನ ಹುಡುಗಿ "ಇವತ್ತು ಮೊನ್ ಖಾರಾಪ್, ಮಾತಾಡಿಸಬೇಡಿ" ಅಂತಾಳೆ, ಮೀನಿನವನೂ ಅಂತಾನೆ, ಯಾರೂ ಬೆಚ್ಚಿ ಬೀಳುವುದಿಲ್ಲ. ಅದನ್ನೇ ಕನ್ನಡದಲ್ಲಿ "ನನ್ನ ಮನಸ್ಸು ಸರಿಯಿಲ್ಲ" ಅಂತ ಸಂಘದಲ್ಲಿ ಹೇಳಿ ನೋಡಿ. ಪಕ್ಕದವರು ಕುರ್ಚಿ ಜರುಗಿಸುತ್ತಾರೆ. ನಮ್ಮಲ್ಲಿ ಬೇಜಾರು ಇದೆ, ತಳಮಳ ಇದೆ, ಕಸಿವಿಸಿ ಇದೆ, ಒಂದಕ್ಕಿಂತ ಒಂದು ಒಳ್ಳೆಯ ಮಾತು. ಆದರೆ ಅವನ್ನು ಇನ್ನೊಬ್ಬರ ಮುಂದೆ ಆಡಲು ಪರ್ಮಿಷನ್ ಇಲ್ಲ. (ಬಂಗಾಳಿಗಳು ಇದರಲ್ಲಿ ದೇವತೆಗಳೇನಲ್ಲ ಬಿಡಿ. ಮೊನ್ ಖಾರಾಪ್ ಅಂತ ಹೇಳಿಕೊಳ್ಳುವವರೂ ಮಾತ್ರೆಯ ಚೀಟಿಯನ್ನು ಅಕ್ಕಿ ಡಬ್ಬದ ಹಿಂದೆಯೇ ಇಡುವುದು.)

ರಜೆಗೆ ಸರ್ಟಿಫಿಕೇಟ್ ಬೇಕಿತ್ತು. ಬೆನ್ನುನೋವು ಅಂತ ಬರೆಯಿರಿ ಎಂದು ಡಾಕ್ಟರನ್ನು ಬೇಡಿಕೊಂಡೆ. ಅವರು ಬರೆಯಲಿಲ್ಲ. ಇದ್ದದ್ದನ್ನೇ ಬರೆದರು. ಅಲ್ಲಿಂದ ಆಫೀಸಿನಲ್ಲಿ ನನ್ನ ಮುಂದೆ ಮೆಲ್ಲಗೆ ಮಾತಾಡುವುದು ಶುರುವಾಯಿತು. ಕನ್ನಡದ ಗೆಳೆಯರೊಬ್ಬರು ಮನೆಗೆ ಬಂದು "ನಿಮಗೇನ್ರೀ ಕಡಿಮೆ ಆಗಿದೆ? ಸ್ವಂತ ಫ್ಲಾಟು, ಮಗಳು ಚೆನ್ನಾಗಿ ಓದ್ತಾಳೆ. ಧೈರ್ಯ ತಂದ್ಕೊಳ್ಳಿ" ಎಂದು ಕಾಫಿ ಕುಡಿದು ಹೋದರು. ಎಲ್ಲಿಂದ ತರಲಿ? ಲೇಕ್ ಮಾರ್ಕೆಟ್ಟಿಂದಲೇ? ಮಾತ್ರೆ ಕೆಲಸ ಶುರು ಮಾಡಲು ಮೂರು ವಾರ ಹಿಡಿಯಿತು. ಒಂದು ವರ್ಷ ತೆಗೆದುಕೊಂಡೆ. ಡಾಕ್ಟರೇ ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು.

ಬ್ಯಾಂಕಿನವರ ಭಾಷೆಯಲ್ಲೇ ಹೇಳುತ್ತೇನೆ. ನಮ್ಮಲ್ಲಿ ಕಂತು 90 ದಿನ ಬಾಕಿ ಬಿದ್ದರೆ ಆ ಸಾಲ ಎನ್‌ಪಿಎ. ಮ್ಯಾನೇಜರ್‌ಗೆ ಇಷ್ಟ ಇರಲಿ ಬಿಡಲಿ, ಹಾಗೆ ಬರೆಯಲೇಬೇಕು. ಹೊಸ ಸಾಲ ಕೊಟ್ಟು ಹಳೆಯದನ್ನು ಮುಚ್ಚಿ ಪುಸ್ತಕ ಚೆನ್ನಾಗಿ ತೋರಿಸುವುದಕ್ಕೆ ಎವರ್‌ಗ್ರೀನಿಂಗ್ ಅಂತಾರೆ, ಅದು ಅಪರಾಧ. ಡಾಕ್ಟರುಗಳ ಲೆಕ್ಕದಲ್ಲಿ ಎರಡು ವಾರ. ಎರಡು ವಾರ ಬಿಡದೆ ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಕೆಲಸ ಸಾಗುತ್ತಿಲ್ಲ ಅಂದರೆ ತೋರಿಸಬೇಕು. ನಾವು ಮಾಡುವುದೇನು? ಎವರ್‌ಗ್ರೀನಿಂಗ್! ಐದಕ್ಕೆ ಎದ್ದು ಕನ್ನಡಿ ಮುಂದೆ ನಕ್ಕು ಬ್ಯಾಲೆನ್ಸ್ ಶೀಟ್ ಚೆಂದ ಮಾಡುತ್ತೇವೆ.

ಬೇಗ ಏಳುವುದು, ನಡೆಯುವುದು, ಪ್ರಾಣಾಯಾಮ, ಇವನ್ನು ನಾನು ತಮಾಷೆ ಮಾಡುತ್ತಿಲ್ಲ. ನಾನೇ ದಿನಾ ರವೀಂದ್ರ ಸರೋವರಕ್ಕೆ ಎರಡು ಸುತ್ತು ಹಾಕುತ್ತೇನೆ, ಒಳ್ಳೆಯದಾಗಿದೆ. ಆದರೆ ಕಾಲು ಮುರಿದವನಿಗೆ ನಡಿಗೆ ಒಳ್ಳೆಯದು ಅಂತ ಹೇಳುವ ಹೊತ್ತು ಬೇರೆ. ಈಗಂತೂ ಕಂಪನಿಗಳಿಗೂ 'ಸೆಲ್ಫ್ ಕೇರ್' ಹುಚ್ಚು ಹಿಡಿದಿದೆ. ನನಗೆ ಗೊತ್ತಿರುವ ಒಂದು ಕಡೆ ತಿಂಗಳ ಕೊನೆಯ ದಿನ ಸಂಜೆ ಏಳಕ್ಕೆ ಸೆಲ್ಫ್ ಕೇರ್ ವೆಬಿನಾರು, ಹಾಜರಿ ಕಡ್ಡಾಯ! ಕ್ಲೋಸಿಂಗ್ ಬಿಟ್ಟು ಉಸಿರು ಎಳೆದುಕೊಳ್ಳಿ, ಉಸಿರು ಬಿಟ್ಟ ಮೇಲೆ ಮತ್ತೆ ಹತ್ತು ಗಂಟೆವರೆಗೆ ಕ್ಲೋಸಿಂಗ್ ಮಾಡಿ. ಐದು ಜನರ ಕಡೆ ಒಂಬತ್ತು ಜನ ಹಾಕಿ ಅಂದರೆ ಮಾತ್ರ ಉಸಿರು ಇಲ್ಲ. ಕಾಲೇಜು ಓದುವ ನನ್ನ ಮಗಳು ಹೇಳಿದಳು, ಅಮೆರಿಕದ ಕಪ್ಪು ಕವಯಿತ್ರಿ ಆಡ್ರಿ ಲಾರ್ಡ್ ಈ ಮಾತಿನ ಬಗ್ಗೆ 1988ರಲ್ಲಿ ಬರೆದಿದ್ದು ಕ್ಯಾನ್ಸರ್ ಜೊತೆ ಹೋರಾಡುತ್ತ ಅಂತೆ. ತನ್ನನ್ನು ನೋಡಿಕೊಳ್ಳುವುದು ಅಂದರೆ ಬದುಕಿ ಉಳಿಯುವ ಹೋರಾಟ ಅನ್ನುವ ಅರ್ಥದಲ್ಲಿ. ಅದು ಈಗ ಸುಗಂಧದ ಮೇಣದಬತ್ತಿ ಮಾರುವ ಮಾತಾಗಿದೆ.

ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು, ನಮ್ಮ ಪಶ್ಚಿಮ ಬಂಗಾಳವೂ ಅದರಲ್ಲಿತ್ತು. ದೊಡ್ಡವರಲ್ಲಿ ಶೇ. 10.6ರಷ್ಟು ಜನಕ್ಕೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವತ್ತು ನಮ್ಮ ಹಾಲಿನಲ್ಲಿ ನೂರೈವತ್ತು ಜನ ಇದ್ದೆವು. ಇದೇ ಲೆಕ್ಕ ಹಿಡಿದರೆ ಚಪ್ಪಾಳೆ ಹೊಡೆದವರಲ್ಲಿ ಹದಿನೈದು ಜನ ತಮ್ಮ ವಿರುದ್ಧವೇ ಚಪ್ಪಾಳೆ ಹೊಡೆದಿದ್ದಾರೆ.

ಕಾನೂನು ಕೂಡ ನಮಗಿಂತ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮೈಯ ಕಾಯಿಲೆಗೆ ಇನ್ಶೂರೆನ್ಸ್ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಬೇಕು ಅಂತ ಅದರ 21ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಮುಂಚೆ ನಾನು ಮಾರಿದ ಪಾಲಿಸಿಗಳಲ್ಲಿ 'ಮನೋರೋಗಕ್ಕೆ ಅನ್ವಯಿಸದು' ಎಂಬ ಸಾಲನ್ನು ನಾನೇ ಗಿರಾಕಿಗಳಿಗೆ ಓದಿ ಹೇಳಿದ್ದೇನೆ, ಪಾಪ. ಈಗ ನಿಮ್ಮ ಪಾಲಿಸಿ ತೆಗೆದು ನೋಡಿ, ಕೇಳಿ. ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು, ತಿಂಗಳ ಮಾತ್ರೆಗಲ್ಲ. ಅದೊಂದು ಜಗಳ ಇನ್ನೂ ಬಾಕಿ ಇದೆ. ಸಾಯಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಎಂದೇ ಭಾವಿಸಬೇಕು, ಶಿಕ್ಷೆಯಲ್ಲ, ಆರೈಕೆ ಕೊಡಬೇಕು ಎಂದೂ ಅದೇ ಕಾಯ್ದೆಯಲ್ಲಿದೆ.

ನಮ್ಮಂಥ ಪರಊರಿನವರಿಗೆ ಇನ್ನೊಂದು ಕಷ್ಟ, ಭಾಷೆ. ಸಾಲದ ಅರ್ಜಿಯನ್ನು ನಾನು ಬಂಗಾಳಿಯಲ್ಲಿ ನಿದ್ದೆಗಣ್ಣಲ್ಲೂ ತುಂಬಿಸುತ್ತೇನೆ. ಆದರೆ ಆ ಡಾಕ್ಟರ ಮುಂದೆ 'ಹೊಟ್ಟೆಯೊಳಗೆ ಕಿವುಚಿದ ಹಾಗೆ ಆಗುತ್ತೆ' ಅನ್ನುವುದಕ್ಕೆ ಮಾತು ಸಿಗದೆ ಕೈ ಸನ್ನೆ ಮಾಡಿದ್ದೆ. ಗಿರೀಂದ್ರಶೇಖರ ಬೋಸರು 'ಸ್ವಪ್ನ' ಅಂತ ಪುಸ್ತಕವನ್ನು ಬಂಗಾಳಿಯಲ್ಲೇ ಬರೆದದ್ದು ಸುಮ್ಮನೆ ಅಲ್ಲ. ಈಗ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರು 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಪುಕ್ಕಟೆ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಸಂಘದ ನೋಟಿಸ್ ಬೋರ್ಡಿನಲ್ಲಿ ಈ ನಂಬರು ಹಾಕಿ ಅಂತ ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ಡಾಕ್ಟರ ಹತ್ತಿರ ಒಬ್ಬರೇ ಹೋಗಲು ಅಂಜುವವರ ಜೊತೆ ಹೋಗಲು ಇಬ್ಬರ ಹೆಸರೂ ಇರಲಿ, ಒಂದು ನನ್ನದು ಬರೆದುಕೊಳ್ಳಿ ಅಂದಿದ್ದೇನೆ. "ಕಮಿಟಿಯಲ್ಲಿ ಇಡೋಣ, ಹೆಸರು ಹಾಕಿದ್ರೆ ಜನ ಏನಂದ್ಕೊಳ್ತಾರೋ" ಎಂದರು. ಭಾಷಣಕಾರರ ವಿಮಾನದ ಟಿಕೆಟ್ಟಿಗೆ ಮಾತ್ರ ಕಮಿಟಿ ಐದೇ ನಿಮಿಷದಲ್ಲಿ ಒಪ್ಪಿತ್ತು.

ಹಾವೇರಿ ಹುಡುಗನಿಗೆ ಅವತ್ತು ಕೈ ಒರೆಸುತ್ತ ಹೇಳಿದ್ದು ಇಷ್ಟೇ. ಮಾತ್ರೆ ಇವತ್ತು ರಾತ್ರಿ ತಪ್ಪದೆ ತಗೋ ಮಾರಾಯ. ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತು, ನಿದ್ದೆಗೇಡು ಬರಬಹುದು, ಕಾಯಿಲೆ ಮರುಕಳಿಸಲೂಬಹುದು. ಬಿಡುವುದಾದರೆ ಬರೆದುಕೊಟ್ಟವರನ್ನೇ ಕೇಳಿ ಬಿಡು. ಹೋದ ಗುರುವಾರ ಅರ್ಧ ದಿನ ರಜೆ ಹಾಕಿ ಅವನ ಜೊತೆ ನಾನೂ ಹೋದೆ. ಎರಡು ಗಂಟೆ ಕಾದೆವು, ಹದಿನಾಲ್ಕನೇ ನಂಬರು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಚೀಲದಿಂದ ಮುರಿ ತೆಗೆದು ನಮಗೂ ಕೊಟ್ಟರು. ಡಾಕ್ಟರು ಡೋಸ್ ಹಾಗೇ ಮುಂದುವರಿಸಿ ಎರಡು ತಿಂಗಳ ನಂತರ ಇಳಿಸುವ ಯೋಚನೆ ಮಾಡೋಣ ಎಂದರಂತೆ. ಹೊರಗೆ ಬಂದವನು "ಅವ್ವಗ ಇನ್ನೂ ಹೇಳಿಲ್ರಿ ಸರ್, ನೀವು ಒಂದು ಮಾತು ಹೇಳ್ತೀರೇನ್ರಿ?" ಅಂದ. ಈ ಭಾನುವಾರ ಅವರ ಮನೆಗೆ ಫೋನ್ ಮಾಡಬೇಕು.